ಸುಪ್ರೀಂ ಕೋರ್ಟ್ ಹೇಳಿದ ಮೇಲೂ ಶಬರಿಮಲೆ ಜಗಳ ಯಾಕೆ ಮುಗಿಯಲಿಲ್ಲ?

ಪ್ರಶ್ನೆ: ಎಲ್ಲ ವಯಸ್ಸಿನ ಹೆಂಗಸರೂ ಶಬರಿಮಲೆಗೆ ಹೋಗಬಹುದು ಅಂತ 2018ರಲ್ಲೇ ತೀರ್ಪು ಬಂತಲ್ಲ, ಮತ್ತೆ ಯಾಕೆ ಅದು ನಡೆಯಲಿಲ್ಲ? ಅಷ್ಟಕ್ಕೂ ದೇವರ ವಿಷಯವನ್ನು ಕೋರ್ಟಿಗೆ ಯಾಕೆ ಎಳೆದರು? ಬಹಳಷ್ಟು ಹೆಂಗಸರೇ ಬೇಡ ಅಂದರಲ್ವಾ?

ಉತ್ತರ: ಮೊದಲು ಚಿಕ್ಕದಾಗಿ ಹೇಳುತ್ತೇನೆ. ತೀರ್ಪೇನೋ ಬಂತು. ಆದರೆ 2019ರ ಲೋಕಸಭೆ ಚುನಾವಣೆ ಮುಗಿಯುವಷ್ಟರಲ್ಲಿ ಅದರ ಬೆನ್ನಿಗೆ ಗಟ್ಟಿಯಾಗಿ ನಿಲ್ಲುವ ಪಕ್ಷ ಒಂದೂ ಉಳಿದಿರಲಿಲ್ಲ. ವರ್ಷ ಕಳೆದ ಮೇಲೆ ಕೋರ್ಟೂ ಮತ್ತೆ ಯೋಚನೆಗೆ ಕೂತಿತು.

ಇನ್ನು ಕೋರ್ಟಿಗೆ ಎಳೆದವರು ಯಾರು ಅನ್ನುವುದು. ಇಲ್ಲೊಂದು ತಮಾಷೆ ಇದೆ. ಮೊದಲು ಎಳೆದವರು ಹೆಂಗಸರ ಪರ ಇದ್ದವರಲ್ಲ, ಮುಟ್ಟಾಗುವ ವಯಸ್ಸಿನ ಹೆಂಗಸರನ್ನು ತಡೆಯಬೇಕು ಅಂದವರು. 1990ರಲ್ಲಿ ಒಂದು ಪತ್ರಿಕೆಯಲ್ಲಿ ಫೋಟೋ ಬಂತು. ದೇವಸ್ಥಾನ ನೋಡಿಕೊಳ್ಳುವ ದೇವಸ್ವಂ ಬೋರ್ಡಿನ ಮಾಜಿ ಕಮಿಷನರ್ ಒಬ್ಬರ ಮೊಮ್ಮಗುವಿಗೆ ಸನ್ನಿಧಾನದಲ್ಲಿ ಅನ್ನಪ್ರಾಶನ, ಪಕ್ಕದಲ್ಲಿ ಮನೆಯ ಹೆಂಗಸರು. ಅದನ್ನು ನೋಡಿ ಒಬ್ಬರು ಕೇರಳ ಹೈಕೋರ್ಟಿಗೆ ದೂರು ಬರೆದರು. ಕೋರ್ಟ್ ಆ ದೂರನ್ನೇ ಅರ್ಜಿ ಅಂತ ತೆಗೆದುಕೊಂಡಿತು.

ವಿಚಾರಣೆಯಲ್ಲಿ ಬೋರ್ಡ್ ಹೇಳಿದ್ದನ್ನು ಕೇಳಿ. ತಿಂಗಳ ಪೂಜೆಗೆ ಬಾಗಿಲು ತೆಗೆದಾಗ ಎಲ್ಲ ವಯಸ್ಸಿನ ಹೆಂಗಸರೂ ಬರುತ್ತಿದ್ದರು. ಅನ್ನಪ್ರಾಶನಕ್ಕೆ ಬೋರ್ಡೇ ಟಿಕೆಟ್ ಕೊಡುತ್ತಿತ್ತು. ಮಂಡಲ, ಮಕರವಿಳಕ್ಕು, ವಿಷು ಅನ್ನುವ ದೊಡ್ಡ ಯಾತ್ರೆಯ ಸಮಯದಲ್ಲಿ ಮಾತ್ರ ಬಿಡುತ್ತಿರಲಿಲ್ಲ. ತಿರುವಾಂಕೂರಿನ ಮಹಾರಾಜರು ಮಹಾರಾಣಿಯ ಜೊತೆ 1939-40ರ ಸುಮಾರಿಗೆ ಇಲ್ಲಿಗೆ ಬಂದಿದ್ದರು ಅನ್ನುವುದೂ ಅದೇ ತೀರ್ಪಿನಲ್ಲಿದೆ. ಅಂದರೆ ಪದ್ಧತಿ ಇತ್ತು, ನಿಜ. ಆದರೆ ಅದಕ್ಕೆ ಸಂದುಗಳೂ ಇದ್ದವು. 1991ರ ಏಪ್ರಿಲ್ 5ರಂದು ಹೈಕೋರ್ಟ್ ಆ ಸಂದುಗಳನ್ನೆಲ್ಲ ಮುಚ್ಚಿತು. 10ರಿಂದ 50 ವರ್ಷದ ಹೆಂಗಸರು ವರ್ಷದ ಯಾವ ದಿನವೂ ಬೆಟ್ಟ ಹತ್ತಬಾರದು, ಬೇಕಾದರೆ ಪೊಲೀಸರ ನೆರವು ಪಡೆಯಿರಿ ಅಂದಿತು. ಮೈ ಮುಟ್ಟಾಗುವ ವಯಸ್ಸನ್ನು ಎರಡು ಅಂಕಿಗಳಲ್ಲಿ ಅಳೆದು, ಕೋರ್ಟ್ ಮುದ್ರೆ ಒತ್ತಿಕೊಟ್ಟದ್ದು ಹೀಗೆ.

ತಡೆಯ ಪರ ಇದ್ದವರ ವಾದವನ್ನೂ ಸರಿಯಾಗಿ ಕೇಳಿಸಿಕೊಳ್ಳಬೇಕು. ಅವರು ಎಲ್ಲ ಅಯ್ಯಪ್ಪ ಗುಡಿಗಳ ಮಾತು ಆಡುತ್ತಿಲ್ಲ. ಬೇರೆ ಅಯ್ಯಪ್ಪನ ಗುಡಿಗಳಿಗೆ ಹೆಂಗಸರು ಆರಾಮಾಗಿ ಹೋಗಿ ಬರುತ್ತಾರೆ. ಶಬರಿಮಲೆಯ ಅಯ್ಯಪ್ಪ ಮಾತ್ರ ನೈಷ್ಠಿಕ ಬ್ರಹ್ಮಚಾರಿ, ಆ ದೇವರ ವ್ರತವನ್ನು ಭಕ್ತರು ಕಾಯಬೇಕು ಅನ್ನುವುದು ಅವರ ಮಾತು. ತಿರುವನಂತಪುರದ ಆಟ್ಟುಕಾಲ್ ಪೊಂಗಾಲ ಅನ್ನುವ ದೇವಿಯ ಹಬ್ಬದಲ್ಲಿ ಹೆಂಗಸರದ್ದೇ ದರ್ಬಾರು, ಅಲ್ಲಿ ಗಂಡಸರು ಸಮಾನತೆ ಕೇಳುತ್ತಾರಾ ಅಂತಲೂ ಕೇಳುತ್ತಾರೆ. ಸುಮ್ನೆ ತಳ್ಳಿಹಾಕುವ ಮಾತಲ್ಲ ಇದು. ಆದರೆ ಪೊಂಗಾಲದಲ್ಲಿ ಗಂಡಸಿನ ಮೈ ಮೈಲಿಗೆ ಅಂತ ಯಾರೂ ಹೇಳುವುದಿಲ್ಲ. ನನಗೆ ವ್ಯತ್ಯಾಸ ಕಾಣುವುದು ಅಲ್ಲೇ.

2006ರ ಗಲಾಟೆ ಕನ್ನಡಿಗರಿಗೆ ನೆನಪಿರಬೇಕು. ಹೆಂಗಸೊಬ್ಬಳು ಗರ್ಭಗುಡಿ ಹೊಕ್ಕ ಲಕ್ಷಣ ಕಾಣುತ್ತಿದೆ ಅಂತ ಜ್ಯೋತಿಷಿಗಳು ನಡೆಸಿದ ದೇವಪ್ರಶ್ನೆಯಲ್ಲಿ ಬಂತು. ನಮ್ಮ ನಟಿ ಜಯಮಾಲಾ, 1987ರಲ್ಲಿ ನಾನು ವಿಗ್ರಹ ಮುಟ್ಟಿದ್ದೆ ಅಂದರು. ಅವರ ಮೇಲೆ ಕೇಸಾಯಿತು, 2012ರಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಅದೇ 2006ರಲ್ಲಿ ವಕೀಲರ ಸಂಘವೊಂದು ಸುಪ್ರೀಂ ಕೋರ್ಟಿಗೆ ಹೋಯಿತು. ಆ ಅರ್ಜಿಗೆ ತೀರ್ಪು ಬರಲು 12 ವರ್ಷ ಹಿಡಿಯಿತು. ಈ ನಡುವೆ ಕೇರಳ ಸರ್ಕಾರದ ನಿಲುವು ಕುರ್ಚಿಯ ಜೊತೆ ಬದಲಾಗುತ್ತಿತ್ತು. ಎಡರಂಗ ಬಂದರೆ ಹೆಂಗಸರನ್ನು ಬಿಡಿ ಅನ್ನುವ ಅಫಿಡವಿಟ್ಟು. ಕಾಂಗ್ರೆಸ್ ಕೂಟ ಬಂದರೆ ಬೇಡ ಅನ್ನುವ ಅಫಿಡವಿಟ್ಟು.

ಕೋರ್ಟಿಗೆ ಇದು ಯಾಕೆ ಅಷ್ಟು ಕಗ್ಗಂಟಾಯಿತು ಅನ್ನುವುದಕ್ಕೆ ನಮ್ಮ ಕರಾವಳಿಗೇ ಬರಬೇಕು. ಸಂವಿಧಾನದ 25ನೇ ವಿಧಿ ಪ್ರತಿಯೊಬ್ಬರಿಗೂ ಧರ್ಮದ ಸ್ವಾತಂತ್ರ್ಯ ಕೊಡುತ್ತದೆ. ಹಿಂದೂ ದೇವಸ್ಥಾನಗಳನ್ನು ಎಲ್ಲ ವರ್ಗದ ಹಿಂದೂಗಳಿಗೂ ತೆರೆಯುವ ಕಾನೂನು ಮಾಡಬಹುದು ಅಂತಲೂ ಹೇಳುತ್ತದೆ. 26ನೇ ವಿಧಿ ಧಾರ್ಮಿಕ ಪಂಗಡಗಳಿಗೆ ನಿಮ್ಮ ಧರ್ಮದ ವ್ಯವಹಾರ ನೀವೇ ನೋಡಿಕೊಳ್ಳಿ ಅನ್ನುತ್ತದೆ. ಎರಡೂ ಎದುರುಬದುರಾದರೆ?

ಉಡುಪಿಯ ಶೀರೂರು ಮಠದ ಕೇಸಿನಲ್ಲಿ, 1954ರಲ್ಲಿ, ಸುಪ್ರೀಂ ಕೋರ್ಟ್ ಒಂದು ಸೂತ್ರ ಹಾಕಿತು. ಧರ್ಮಕ್ಕೆ ಅತ್ಯಗತ್ಯವಾದ ಆಚರಣೆ ಯಾವುದು ಅಂತ ಆ ಧರ್ಮದ ತತ್ವಗಳನ್ನೇ ನೋಡಿ ತಿಳಿಯಬೇಕು, ಅದಕ್ಕೆ ರಕ್ಷಣೆ ಕೊಡಬೇಕು. ಆಮೇಲೆ ಮೂಲ್ಕಿ ವೆಂಕಟರಮಣ ದೇವಸ್ಥಾನದ ಕೇಸು ಬಂತು. ಇದು ಗೌಡ ಸಾರಸ್ವತರ ದೇವಸ್ಥಾನ, ದಲಿತರನ್ನು ಒಳಗೆ ಬಿಡಬೇಕೇ ಅನ್ನುವುದು ಪ್ರಶ್ನೆ. 1957ರ ತೀರ್ಪು ಹೇಳಿದ್ದಿಷ್ಟು: ಬಾಗಿಲು ಎಲ್ಲರಿಗೂ ತೆರೆಯಲೇಬೇಕು, ಆದರೆ ಕೆಲವು ವಿಶೇಷ ಪೂಜೆಗಳ ಹೊತ್ತಿನಲ್ಲಿ ಪಂಗಡದವರು ತಮ್ಮವರನ್ನಷ್ಟೇ ಇಟ್ಟುಕೊಳ್ಳಬಹುದು. ಶಬರಿಮಲೆ ಕೇಸಿನಲ್ಲಿ ಎರಡೂ ಕಡೆಯ ವಕೀಲರು ಮತ್ತೆ ಮತ್ತೆ ಎತ್ತಿಕೊಂಡದ್ದು ಈ ಉಡುಪಿ, ಮೂಲ್ಕಿಯ ಕಡತಗಳನ್ನೇ.

2018ರ ಸೆಪ್ಟೆಂಬರ್ 28ರಂದು ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ತಡೆಯನ್ನು ತೆಗೆದರು. ಅಯ್ಯಪ್ಪ ಭಕ್ತರು ಪ್ರತ್ಯೇಕ ಪಂಗಡ ಅಲ್ಲ, ಈ ತಡೆ ಧರ್ಮಕ್ಕೆ ಅತ್ಯಗತ್ಯವೂ ಅಲ್ಲ ಅಂದರು. ಆ ನಾಲ್ವರಲ್ಲಿ ಒಬ್ಬರಾದ ಚಂದ್ರಚೂಡ್ ಇನ್ನೂ ಮುಂದೆ ಹೋಗಿ, ಮುಟ್ಟಿನ ಹೆಸರಲ್ಲಿ ದೂರ ಇಡುವುದೂ ಒಂದು ಬಗೆಯ ಅಸ್ಪೃಶ್ಯತೆಯೇ ಅಂತ, ಅಸ್ಪೃಶ್ಯತೆಯನ್ನು ನಿಷೇಧಿಸುವ 17ನೇ ವಿಧಿಯನ್ನು ಎಳೆದು ತಂದರು. ಒಪ್ಪದೆ ಬೇರೆ ಬರೆದವರು ನ್ಯಾಯಮೂರ್ತಿ ಇಂದು ಮಲ್ಹೋತ್ರಾ, ಪೀಠದಲ್ಲಿದ್ದ ಒಬ್ಬರೇ ಮಹಿಳೆ. ಸತಿಯಂಥ ಪಿಡುಗಾದರೆ ಸರಿ, ಇಲ್ಲದಿದ್ದರೆ ಯಾವ ಆಚರಣೆ ಅತ್ಯಗತ್ಯ ಅಂತ ಹೇಳುವುದು ಕೋರ್ಟಿನ ಕೆಲಸ ಅಲ್ಲ ಅನ್ನುವುದು ಅವರ ವಾದ. ತೀರ್ಪಿನ ಫಲ ನನಗೆ ಒಪ್ಪಿಗೆ. ಆದರೆ ನ್ಯಾಯಾಧೀಶರು ತಂತ್ರಿಗಳ ಜಾಗದಲ್ಲಿ ಕೂತು ಶಾಸ್ತ್ರ ಹೇಳಬೇಕಾಗಿ ಬಂದದ್ದು ಶೀರೂರು ಮಠದ ಕೇಸಿನ ಆ ಸೂತ್ರದ ತೊಡಕೇ ಸರಿ. ಸಮಾನತೆಯ ಮಾತಷ್ಟೇ ಹಿಡಿದಿದ್ದರೆ ಸಾಕಿತ್ತು ಅನಿಸುತ್ತದೆ.

ಆಮೇಲೆ ಜಗಳ ಬೀದಿಗೆ ಬಂತು. ಅಕ್ಟೋಬರ್ 17ರಂದು ಬಾಗಿಲು ತೆರೆಯುವಾಗ ಶಬರಿಮಲೆಯ ದಾರಿಯ ನಿಲಯ್ಕಲ್‌ನಲ್ಲಿ ಜನ ವಾಹನಗಳನ್ನು ನಿಲ್ಲಿಸಿ ಒಳಗೆ ಹೆಂಗಸರಿದ್ದಾರಾ ಅಂತ ಇಣುಕಿ ನೋಡುತ್ತಿದ್ದರು. ವರದಿಗೆ ಹೋದ ಪತ್ರಕರ್ತೆಯರ ಮೇಲೂ ಕೈ ಮಾಡಿದರು. ನವೆಂಬರ್ ಮೊದಲ ವಾರ ಸನ್ನಿಧಾನದ ಕಾವಲಿಗೆ ಪೊಲೀಸ್ ಇಲಾಖೆ ಹುಡುಕಿ ಹುಡುಕಿ ಕಳಿಸಿದ್ದು 50 ದಾಟಿದ ಮಹಿಳಾ ಪೊಲೀಸರನ್ನು. ತೀರ್ಪನ್ನು ಜಾರಿ ಮಾಡಬೇಕಾದ ಇಲಾಖೆಯೇ ಹಳೆಯ ವಯಸ್ಸಿನ ಲೆಕ್ಕ ಹಾಕುತ್ತಿತ್ತು! ಅದೇ ಹೊತ್ತಿಗೆ ಮೊಮ್ಮಗುವಿನ ಅನ್ನಪ್ರಾಶನಕ್ಕೆ ಬಂದ 52ರ ಅಜ್ಜಿಯೊಬ್ಬರನ್ನು, ಇವಳಿಗೆ ಐವತ್ತಾಗಿಲ್ಲ ಅಂತ ಗುಂಪು ಸುತ್ತುವರಿಯಿತು. 1990ರಲ್ಲಿ ಕೇಸು ಶುರುವಾದದ್ದೂ ಒಂದು ಅನ್ನಪ್ರಾಶನದಿಂದಲೇ ಅಲ್ವಾ?

2019ರ ಜನವರಿ 1ರಂದು ಕಾಸರಗೋಡಿನಿಂದ ತಿರುವನಂತಪುರದವರೆಗೆ ಸುಮಾರು 620 ಕಿಲೋಮೀಟರ್ ಉದ್ದಕ್ಕೆ ಸಮಾನತೆ ಬೇಕು ಅಂತ ಹೆಂಗಸರು ಗೋಡೆಯಂತೆ ನಿಂತರು. ಇದರ ಹಿಂದೆ ಸರ್ಕಾರ ಇತ್ತು. ಮಾರನೆಯ ದಿನ ಬೆಳಕು ಹರಿಯುವ ಮೊದಲೇ ಐವತ್ತಾಗದ ಬಿಂದು ಅಮ್ಮಿಣಿ, ಕನಕದುರ್ಗಾ ಇಬ್ಬರೂ ಪೊಲೀಸರ ಜೊತೆ ಒಳಗೆ ಹೋಗಿ ಬಂದರು, ಹದಿನೆಂಟು ಮೆಟ್ಟಿಲು ಹತ್ತದೆ. ಸುದ್ದಿ ತಿಳಿದ ತಂತ್ರಿ ಬಾಗಿಲು ಹಾಕಿ ಶುದ್ಧಿ ಮಾಡಿಸಿದರು. ಮರುದಿನ ಕೇರಳ ಹರತಾಳ.

ಪಕ್ಷಗಳದ್ದು ಬೇರೆಯೇ ಕತೆ. 2016ರಲ್ಲಿ ಹೆಂಗಸರನ್ನು ಬಿಡಬೇಕು ಅಂದಿದ್ದ ಆರೆಸ್ಸೆಸ್ ಮುಖಂಡರೇ 2018ರಲ್ಲಿ ಭಕ್ತರ ಭಾವನೆ ಮುಖ್ಯ ಅಂದರು. ಹೆಂಗಸರು ಎಲ್ಲ ಕಡೆ ಹೋಗಬೇಕು, ಆದರೆ ಅದು ನನ್ನ ಸ್ವಂತ ಅಭಿಪ್ರಾಯ, ಕೇರಳದಲ್ಲಿ ಪಕ್ಷದ ನಿಲುವು ಬೇರೆ ಅಂದರು ರಾಹುಲ್ ಗಾಂಧಿ. ಎಡರಂಗ ತೀರ್ಪಿನ ಪರ ನಿಂತು, 2019ರ ಲೋಕಸಭೆ ಚುನಾವಣೆಯಲ್ಲಿ 20ರಲ್ಲಿ ಒಂದೇ ಸೀಟು ಗೆದ್ದಿತು. ತೀರ್ಪಿನ ವಿರುದ್ಧ ನಿಂತ ಬಿಜೆಪಿಗೆ ಅದೂ ಸಿಗಲಿಲ್ಲ ಅನ್ನುವುದು ಬೇರೆ ಮಾತು.

ಅದೇ ವರ್ಷ ನವೆಂಬರ್ 14ರಂದು ಸುಪ್ರೀಂ ಕೋರ್ಟ್ 3-2ರಲ್ಲಿ, ಧರ್ಮದ ಆಚರಣೆಗಳಲ್ಲಿ ಕೋರ್ಟ್ ಎಷ್ಟು ಕೈಹಾಕಬಹುದು ಅನ್ನುವಂಥ ದೊಡ್ಡ ಪ್ರಶ್ನೆಗಳನ್ನು ದೊಡ್ಡ ಪೀಠಕ್ಕೆ ಕಳಿಸಿತು. 2018ರ ತೀರ್ಪಿಗೆ ತಡೆ ಕೊಡಲಿಲ್ಲ. ಆದರೂ ಕೇರಳದ ಮಂತ್ರಿಗಳು, ಹೋಗಬೇಕು ಅನ್ನುವ ಹೆಂಗಸರು ಕೋರ್ಟಿನಿಂದ ಆದೇಶ ತನ್ನಿ, ಇದು ಹೋರಾಟದ ಜಾಗ ಅಲ್ಲ ಅಂದುಬಿಟ್ಟರು.

ಮಹಾರಾಷ್ಟ್ರದ ಶನಿ ಶಿಂಗಣಾಪುರದಲ್ಲಿ ಹೆಂಗಸರಿಗೆ ಶನಿಯ ಕಟ್ಟೆ ತೆರೆಯಿತಲ್ಲ, ಅಲ್ಲಿ ಆದದ್ದು ಶಬರಿಮಲೆಯಲ್ಲಿ ಯಾಕಾಗಲಿಲ್ಲ ಅಂತ ಕೆಲವರು ಕೇಳುತ್ತಾರೆ. ಅಲ್ಲಿ ಯಾವ ಹಿಂದೂವನ್ನೂ ದೇವಸ್ಥಾನದಿಂದ ತಡೆಯಬಾರದು ಅನ್ನುವ 1956ರ ಮಹಾರಾಷ್ಟ್ರದ ಕಾನೂನನ್ನು ಬಾಂಬೆ ಹೈಕೋರ್ಟ್ ನೆನಪಿಸಿತು, 2016ರ ಯುಗಾದಿಯ ದಿನ ಟ್ರಸ್ಟ್ ಸೋತು ಎಲ್ಲರಿಗೂ ಕಟ್ಟೆ ತೆರೆಯಿತು. ಅಲ್ಲಿ ಬೀದಿಗಿಳಿದು ತಡೆಯುವ ಅಷ್ಟು ದೊಡ್ಡ ಜನಸಾಗರ ಇರಲಿಲ್ಲ.

ಹೆಂಗಸರೇ ಬೇಡ ಅಂದರಲ್ವಾ ಅನ್ನುವ ಕೊನೆಯ ಪ್ರಶ್ನೆ. ಹೌದು, ಅಂದರು. ತೀರ್ಪಿನ ವಿರುದ್ಧ ಕೇರಳದ ಪಂದಳದಲ್ಲಿ ನಡೆದ ನಾಮಜಪ ಮೆರವಣಿಗೆಯಲ್ಲಿ ಸಾವಿರಾರು ಹೆಂಗಸರಿದ್ದರು. ಐವತ್ತರವರೆಗೆ ಕಾಯುತ್ತೇವೆ ಅನ್ನುವ ಅಭಿಯಾನ ನಡೆಸಿದವರೂ ಹೆಂಗಸರೇ. ಅವರನ್ನು ಯಾರೋ ಕುಣಿಸಿದ ಗೊಂಬೆಗಳು ಅನ್ನುವುದು ಅವಮಾನ. ಕಾಯಬೇಕು ಅನ್ನುವವರು ಕಾಯಲಿ. ಹೋಗಬೇಕು ಅನ್ನುವ ಇನ್ನೊಬ್ಬಳ ಪರವಾಗಿಯೂ ಅವರೇ ಉತ್ತರ ಕೊಡಬಹುದಾ ಅನ್ನುವುದಷ್ಟೇ ಪ್ರಶ್ನೆ.

ಮಾಲೆ ಹಾಕಿದವರ ಮನೆ ನೋಡಿದ್ದೀರಲ್ಲ. 41 ದಿನ ಸ್ವಾಮಿಗೆ ಬೆಳಗಿನ ಜಾವದ ತಣ್ಣೀರು ಸ್ನಾನ. ಅವರಿಗಿಂತ ಮುಂಚೆ ಎದ್ದು, ತಾನೂ ತಲೆಗೆ ನೀರು ಹಾಕಿಕೊಂಡು, ಮಡಿಯಲ್ಲಿ ಅಡುಗೆ ಮಾಡುವುದು ಹೆಂಡತಿಯೋ ತಾಯಿಯೋ. ಗುರುಸ್ವಾಮಿ ಬಳಗಕ್ಕೆಲ್ಲ ಊಟ ಹಾಕುವ ದಿನ ಸೊಂಟ ಬಗ್ಗಿಸಿ ದುಡಿಯುವವಳೂ ಅವಳೇ. ನಡುವೆ ಮುಟ್ಟಾದರೆ ಬಟ್ಟೆ ಗಂಟು ಕಟ್ಟಿಕೊಂಡು ತವರಿಗೋ ಪಕ್ಕದ ಮನೆಗೋ ಹೋಗಿ, ನಾಲ್ಕನೇ ದಿನ ತಲೆಗೆ ಮಿಂದು ವಾಪಸ್ ಬಂದು ಮತ್ತೆ ಒಲೆ ಹಚ್ಚುತ್ತಾಳೆ. ಇರುಮುಡಿ ಕಟ್ಟುವ ದಿನ ಅದಕ್ಕೆ ಮೂರು ಹಿಡಿ ಅಕ್ಕಿ ಹಾಕಿ, ಬಸ್ಸು ಹೊರಡುವವರೆಗೂ ಬಾಗಿಲಲ್ಲಿ ನಿಂತಿರುತ್ತಾಳೆ.