ಸೂಜಿ ಮಾಡಿಸ್ಕೊಂಡ್ರ ರೋಗ ಬರಂಗಿಲ್ಲೇನು?

2021ರ ಮಾರ್ಚ್‌ನಾಗ ಆಳಂದ ಕಡಿ ನಮ್ಮ ಊರಿಗೆ ಆಶಾ ಅಕ್ಕ ಕೊರೋನಾ ಲಸಿಕಿ ಪಟ್ಟಿ ಹಿಡ್ಕೊಂಡು ಬಂದಾಗ ನಮ್ಮ ಮುತ್ಯಾ ಕೇಳಿದ್ದು ಒಂದೇ ಮಾತು, "ಯವ್ವಾ, ಸೂಜಿ ಮಾಡಿಸ್ಕೊಂಡ್ರ ರೋಗ ಬರಂಗಿಲ್ಲೇನು?" ಆಕಿ ಒಂದು ಗಳಿಗಿ ಸುಮ್ನಿದ್ದು "ಬರಂಗಿಲ್ಲ ಮುತ್ಯಾ, ನಡೀರಿ" ಅಂದ್ಲು, ಪಾಪ ಆಕಿಗೂ ಅಷ್ಟೇ ಹೇಳಿ ಕಳ್ಸಿದ್ರು. ಎರಡೂ ಡೋಸ್ ಆದ ಮ್ಯಾಲ 2022ರ ಜನವರಿಯಾಗ ಮುತ್ಯಾಗ ಪಾಸಿಟಿವ್ ಬಂತು, ನಾಕ್ ದಿನ ಜ್ವರ, ಗಂಟಲು ನೋವು, ಆಮ್ಯಾಲ ಎದ್ದು ಕಟ್ಟಿ ಮ್ಯಾಲ ಕುಂತ್ರು. ಆದ್ರ "ಸುಳ್ಳು ಹೇಳಿದ್ರು" ಅನ್ನೋದು ಹೋಗ್ಲಿಲ್ಲ, ಮೂರನೇ ಡೋಸಿಗೆ ಅಂಗಿ ತೋಳ್ ಏರಿಸ್ಲೇ ಇಲ್ಲ.

ದೇಶದಾಗ ಕೊರೋನಾಕ್ಕ ಮೊದಲ್ನೇ ಬಲಿಯಾಗಿದ್ದು ನಮ್ಮ ಕಲಬುರಗಿಯವ್ರು, 2020ರ ಮಾರ್ಚ್ 10ಕ್ಕ. ಹಿಂಗಾಗಿ ಲಸಿಕಿ ದಾರಿ ನಮ್ಮ ಮಂದಿ ಭಾಳ ಕಾಯ್ದಿದ್ರು. ಆ ಜೂನ್‌ನಾಗ ಅಮೆರಿಕಾದಾಗ ಔಷಧಕ್ಕ ಅನುಮತಿ ಕೊಡೋ ಎಫ್‌ಡಿಎ ಸಂಸ್ಥಾ, ಲಸಿಕಿ 50 ಪರ್ಸೆಂಟ್ ಕೆಲ್ಸ ಮಾಡಿದ್ರೂ ಸಾಕು ಅಂದಿತ್ತು, ನವೆಂಬರ್‌ನಾಗ ಲಸಿಕಿ ಮಾಡೋ ಫೈಜರ್ ಕಂಪನಿಯವ್ರು 95 ಪರ್ಸೆಂಟ್ ಅಂದ್ರು, ಎಲ್ಲಾರ ತಲಿಯಾಗ ಆ ನಂಬರೇ ಕುಂತುಬಿಡ್ತು. ಆ 95 ಹ್ಯಾಂಗ ಬಂತು ಅಂದ್ರ, ಸುಮಾರು 43 ಸಾವಿರ ಮಂದಿನ ಎರಡು ಗುಂಪು ಮಾಡಿ ಅರ್ಧಕ್ಕ ಲಸಿಕಿ, ಅರ್ಧಕ್ಕ ಬರೇ ಉಪ್ಪುನೀರು ಕೊಟ್ರು, ಲಕ್ಷಣ ಬಂದು ಪಾಸಿಟಿವ್ ಆದವ್ರು 170 ಮಂದಿ, ಅದ್ರಾಗ 162 ಉಪ್ಪುನೀರಿನವ್ರು, 8 ಲಸಿಕಿಯವ್ರು, ಅಂದ್ರ ಲಸಿಕಿಯವ್ರಾಗ 95 ಪರ್ಸೆಂಟ್ ಕಮ್ಮಿ. ಅಷ್ಟೇ. ಇದು ಸುಮಾರು ಎರಡು ತಿಂಗಳ ಲೆಕ್ಕ. ವರ್ಷದ ಮ್ಯಾಲ ಏನಾಗ್ತದ, ಲಸಿಕಿ ತಗೊಂಡವ್ರಿಂದ ಬ್ಯಾರೆಯವ್ರಿಗೆ ಹಬ್ಬತದೋ ಇಲ್ಲೋ, ಇದ್ಯಾವ್ದೂ ಅದ್ರಾಗ ಇರ್ಲಿಲ್ಲ.

ನಮ್ಮ ಕಡಿ ಇನ್ನೂ ಗೊಂದಲ. ಕೋವ್ಯಾಕ್ಸಿನ್‌ಗ 2021ರ ಜನವರಿ 3ಕ್ಕ ಅನುಮತಿ ಕೊಟ್ಟಾಗ ಅದ್ರ ಮೂರನೇ ಹಂತದ ಟ್ರಯಲ್, ಅಂದ್ರ ಸಾವಿರಾರು ಮಂದಿ ಮ್ಯಾಲ ಮಾಡೋ ಪರೀಕ್ಷಾ, ನಡದೇ ಇತ್ತು, 77.8 ಪರ್ಸೆಂಟ್ ಅನ್ನೋ ಕಡೀ ಲೆಕ್ಕ ಬಂದಿದ್ದು ಜುಲೈನಾಗ. ಕೋವಿಶೀಲ್ಡ್ ಎರಡು ಡೋಸಿನ ನಡುವಿನ ಅಂತರ ಮೊದ್ಲು 4-6 ವಾರ, ಮಾರ್ಚ್‌ನಾಗ 6-8, ಮೇನಾಗ 12-16 ಆಯ್ತು. "ಸ್ಟಾಕ್ ಇಲ್ಲ, ಅದಕ್ಕ ಮುಂದ್ ಹಾಕ್ತಾರ" ಅಂತ ಕಟ್ಟಿ ಮ್ಯಾಲ ಮಾತು. ಸ್ಟಾಕ್ ಕಮ್ಮಿ ಇದ್ದದ್ದು ಖರೇ, ಆದ್ರ 12 ವಾರ ಬಿಟ್ಟು ಕೊಟ್ರ ರಕ್ಷಣಾ ಜಾಸ್ತಿ ಅಂತ ಆ ಲಸಿಕಿ ಕಂಡುಹಿಡಿದ ಆಕ್ಸ್‌ಫರ್ಡ್‌ನವ್ರ ಟ್ರಯಲ್‌ನಾಗೂ ಕಂಡಿತ್ತು, ಅದನ್ನ ನಮ್ಮೂರಾಗ ಯಾರೂ ಬಿಡಿಸಿ ಹೇಳ್ಲಿಲ್ಲ.

ಗಡಿಬಿಡಿಯಾಗ ಲಸಿಕಿ ಬರೂದು ಹೊಸಾದೇನಲ್ಲ. 1896ರಾಗ ಮುಂಬೈದಾಗ ಪ್ಲೇಗ್ ಬಂದಾಗ ಹಾಫ್‌ಕಿನ್ ಅನ್ನೋ ವಿಜ್ಞಾನಿ ಲಸಿಕಿ ಮಾಡಿ, 1897ರಾಗ ತಮ್ಮ ಮೈಗೇ ಮೊದ್ಲು ಚುಚ್ಕೊಂಡು, ಆಮ್ಯಾಲ ಬೈಕುಲ್ಲಾ ಜೈಲಿನ ಕೈದಿಗಳಿಗೆ ಕೊಟ್ಟು ನೋಡಿದ್ರು. ತಡಾ ಆದ್ರ ಏನಾಗ್ತದ ಅನ್ನೂದೂ ನೋಡೀವಿ, 2009ರ ಹಂದಿಜ್ವರದಾಗ ನಮ್ಮ ದೇಶದ್ದೇ ಲಸಿಕಿ ಬರೂದ್ರಾಗ 2010ರ ಜೂನ್ ಆಗಿತ್ತು, ಆಗಸ್ಟ್‌ನಾಗ ವಿಶ್ವ ಆರೋಗ್ಯ ಸಂಸ್ಥೆ (ಡಬ್ಲ್ಯುಎಚ್‌ಒ) ಮಹಾಮಾರಿ ಮುಗೀತು ಅಂದ್ಬಿಡ್ತು. ಪೂರಾ ಲೆಕ್ಕ ಬರೂ ತನಕ ಕುಂತ್ರ ರೋಗ ಕಾಯಂಗಿಲ್ಲ.

2021ರ ನವೆಂಬರ್‌ನಾಗ ಒಮಿಕ್ರಾನ್ ಅನ್ನೋ ಕೊರೋನಾದ ಹೊಸಾ ತಳಿ ಬಂದು ಹಳೇ ಲೆಕ್ಕನೆಲ್ಲಾ ಅಲ್ಲಾಡಿಸ್ತು, ಸೋಂಕು ತಡಿಯೂ ಶಕ್ತಿ ಭಾಳ ಇಳೀತು, ಜೀವ ಉಳಿಸೂ ಶಕ್ತಿ ಬಹುಪಾಲು ನಿಂತ್ಕೊಂತು. ಅಂದ್ರ ಮುತ್ಯಾ ಕೇಳಿದ್ದು ಒಂದು ಪ್ರಶ್ನಿ ಅಲ್ಲ, ಎರಡು, ರೋಗ ಬರ್ತದೇನು ಅನ್ನೋದು ಒಂದು, ಬಂದ್ರ ಉಳೀತೀನೇನು ಅನ್ನೋದು ಇನ್ನೊಂದು. ಆ ಎರಡನೇದನ್ನ ಹೇಳಿದ್ರ ಮುತ್ಯಾ ಒಪ್ತಿದ್ರು ಅಂತ ನಂಗ ಈಗ್ಲೂ ಅನಸ್ತದ. 78 ವಯಸ್ಸು, ಶುಗರ್ ಬ್ಯಾರೆ, ಅವ್ರು ಎದ್ದು ಕುಂತದ್ದು ಸೂಜಿಯಿಂದನೋ, ಒಮಿಕ್ರಾನ್ ಮೆತ್ತಗ ಇತ್ತಂತನೋ, ಒಬ್ಬ ಮನುಷ್ಯಾನ್ನ ನೋಡಿ ಹೇಳಾಕ ಬರಂಗಿಲ್ಲ, ಆ ಲೆಕ್ಕ ಸಾವಿರಾರು ಮಂದಿ ಕೂಡಿದಾಗಷ್ಟೇ ಕಾಣ್ತದ.