ಗ್ರಾನೈಟ್ ಕಲ್ಲಿನ ವಿಕಿರಣ ಅಳೆಯಲು ಗಣಿಗೆ ಇಳಿಯಬೇಕೇ?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಅಡುಗೆ ಕಟ್ಟೆಗೆ ಇಳಕಲ್ಲಿನ ಕೆಂಪು ಗ್ರಾನೈಟ್ ಹಾಕೋಣ ಅಂದರೆ, ಅದರಲ್ಲಿ ವಿಕಿರಣ ಇರುತ್ತೆ ಅಂತಾರೆ ನಮ್ಮ ಗೌಂಡಿ. ನಿಜವೇ? ಅದನ್ನು ಅಳೆಯೋಕೆ ಗಣಿಯೊಳಗೆ ಇಳೀತಾರಂತೆ, ಯಾಕೆ?

ಗೌಂಡಿ ಹೇಳಿದ್ದು ನಿಜ. ಆದರೂ ಧೈರ್ಯವಾಗಿ ಹಾಕಿಸಿ. ಕೆಂಪು ಗ್ರಾನೈಟಿನ ಹರಳುಗಳಲ್ಲಿ ಪೊಟ್ಯಾಶಿಯಂ ಜಾಸ್ತಿ. ಅದರ ಹತ್ತು ಸಾವಿರ ಪರಮಾಣುಗಳಲ್ಲಿ ಸುಮಾರು ಒಂದು ವಿಕಿರಣ ಸೂಸುವ ಪೊಟ್ಯಾಶಿಯಂ-40. ಬಾಳೆಹಣ್ಣಿನಲ್ಲೂ ಇದೆ, ನಿಮ್ಮ ಮೈಯಲ್ಲೂ ಇದೆ. ದೊಡ್ಡವರೊಬ್ಬರ ದೇಹದಲ್ಲಿ ಇಂಥ ಸುಮಾರು 4,000 ಪರಮಾಣುಗಳು ಪ್ರತಿ ಸೆಕೆಂಡಿಗೆ ವಿಕಿರಣ ಹೊಮ್ಮಿಸಿ ಬೇರೆ ಧಾತುವಾಗುತ್ತವೆ. ಕಲ್ಲಿನಲ್ಲಿ ಇದರ ಜೊತೆ ಚೂರು ಯುರೇನಿಯಂ, ಥೋರಿಯಂ ಇರುತ್ತವೆ.

ಕಲ್ಲಿಗಾದರೆ ನೆಲದ ಮೇಲಿನ ಪ್ರಯೋಗಾಲಯವೇ ಸಾಕು. ಕಲ್ಲನ್ನು ಪುಡಿ ಮಾಡಿ, ಗಾಳಿಯಾಡದ ಡಬ್ಬಿಗೆ ತುಂಬಿ, ಮೂರ್ನಾಲ್ಕು ವಾರ ಸುಮ್ನೆ ಇಡುತ್ತಾರೆ. ಯುರೇನಿಯಂ ಕ್ಷಯಿಸುತ್ತಾ ಕಲ್ಲಿನಿಂದ ಹೊರಡುವ ರೇಡಾನ್ ಎಂಬ ವಿಕಿರಣ ಸೂಸುವ ಅನಿಲ ಒಳಗೇ ಉಳಿದು, ಹುಟ್ಟುವಷ್ಟೇ ಕ್ಷಯಿಸುವ ಒಂದು ಹದಕ್ಕೆ ಬರಬೇಕು. ಆಮೇಲೆ ಡಬ್ಬಿಯನ್ನು ಜರ್ಮೇನಿಯಂ ಹರಳಿನ ಪಕ್ಕ ಇಡುತ್ತಾರೆ. ಹರಳನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಿಂದ ತಣ್ಣಗೆ ಮಾಡಿರುತ್ತಾರೆ. ಬಂದು ಬಡಿದ ಒಂದೊಂದು ಗಾಮಾ ಕಿರಣದ (ಎಕ್ಸ್-ರೇಯಂಥ, ತೂರಿಹೋಗುವ ವಿಕಿರಣ) ಶಕ್ತಿಯೂ ಅಲ್ಲಿ ದಾಖಲಾಗುತ್ತದೆ. 1461 ಕಿಲೋ ಎಲೆಕ್ಟ್ರಾನ್ ವೋಲ್ಟ್ (ಕಿರಣದ ಶಕ್ತಿ ಅಳೆಯುವ ಮಾನ) ಹತ್ತಿರ ಗೆರೆ ಎದ್ದರೆ ಪೊಟ್ಯಾಶಿಯಂ. 2614ರಲ್ಲಿ ಎದ್ದರೆ ಥೋರಿಯಂ ಮನೆತನ, ಅಂದರೆ ಥೋರಿಯಂ ಕ್ಷಯಿಸಿ ಹುಟ್ಟುವ ಧಾತುಗಳ ಸಾಲು.

ಗಣಿಯ ಆಳಕ್ಕೆ ಇಳಿಯುವುದು ಇದಕ್ಕಿಂತ ಎಷ್ಟೋ ಪಾಲು ಕಡಿಮೆ ವಿಕಿರಣದ, ಶುದ್ಧವಾದ ವಸ್ತುಗಳಿಗಾಗಿ. ಡಾರ್ಕ್ ಮ್ಯಾಟರ್ (ವಿಶ್ವದಲ್ಲಿರುವ, ಕಣ್ಣಿಗೆ ಕಾಣದ ದ್ರವ್ಯ) ಹುಡುಕುವ ಉಪಕರಣದ ತಾಮ್ರ, ಉಕ್ಕು, ಸ್ಕ್ರೂ ಕೂಡ ಪರೀಕ್ಷೆಯಾಗಬೇಕು. ಇವುಗಳಿಂದ ಬರುವ ಕಿರಣಗಳು ಎಷ್ಟು ವಿರಳ ಅಂದರೆ, ವಾರಗಟ್ಟಲೆ ಎಣಿಸಬೇಕು. ಪತ್ತಾರರು ಬಂಗಾರ ತೂಗುವಾಗ ಫ್ಯಾನ್ ನಿಲ್ಲಿಸಿ, ತಕ್ಕಡಿಯ ಗಾಜಿನ ಬಾಗಿಲು ಮುಚ್ಚುತ್ತಾರೆ ಅಲ್ವಾ? ಇಲ್ಲಿ ತಕ್ಕಡಿ ಅಲುಗಿಸುವ ಗಾಳಿ ಅಂದರೆ ಆಕಾಶದಿಂದ ಸುರಿಯುವ ಮ್ಯೂಆನ್ ಕಣಗಳು. ಅಂಗೈ ಚಾಚಿ ನಿಂತರೆ ಸೆಕೆಂಡಿಗೆ ಒಂದಾದರೂ ಅದನ್ನು ತೂರಿ ಹೋಗುತ್ತದೆ. ಹರಳಿನ ಸುತ್ತ ಕಟ್ಟಿದ ಸೀಸದ ಗೋಡೆ ಕೋಣೆಯ ಗಾಮಾ ಕಿರಣಗಳನ್ನು ತಡೆಯುತ್ತದೆ, ಮ್ಯೂಆನ್ ಅದಕ್ಕೆ ಜಗ್ಗುವುದಿಲ್ಲ. ಸೀಸದೊಳಗೇ ಹೊಸ ಕಿರಣ ಎಬ್ಬಿಸುತ್ತದೆ. ಅದಕ್ಕೆ ಬೆಟ್ಟವೇ ಬೇಕು. ಇಟಲಿಯ ಗ್ರಾನ್ ಸಾಸೊ ಪ್ರಯೋಗಾಲಯದ ಮೇಲೆ 1,400 ಮೀಟರ್ ಬಂಡೆಯಿದೆ. ಹತ್ತು ಲಕ್ಷ ಮ್ಯೂಆನ್‌ಗಳಲ್ಲಿ ಒಂದು ಮಾತ್ರ ಅಲ್ಲಿಗೆ ಮುಟ್ಟುತ್ತದೆ. ಇಂಥದೇ ನಿಶ್ಶಬ್ದದಲ್ಲಿ, ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲಿ, 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ (ಬಂಡೆಯನ್ನೂ ಸಲೀಸಾಗಿ ತೂರಿಹೋಗುವ ಅತಿ ಸೂಕ್ಷ್ಮ ಕಣಗಳು) ಗುರುತು ಸಿಕ್ಕಿತ್ತು. ಇದು ನಮ್ಮ ಶಾಲೆಯ ಮಕ್ಕಳಿಗೆಲ್ಲ ಗೊತ್ತಿರಬೇಕು.

ಇನ್ನು ಆ ಸೀಸದ ವಿಷಯ. ಹೊಸ ಸೀಸದಲ್ಲೇ ವಿಕಿರಣ ಸೂಸುವ ಸೀಸ-210 ಇರುತ್ತದೆ. ಅದು ಅರ್ಧಕ್ಕೆ ಇಳಿಯಲು 22 ವರ್ಷ ಬೇಕು. ಹಾಗಾಗಿ ಹಳೆಯದಾದಷ್ಟೂ ಒಳ್ಳೆಯದು. ಸುಮಾರು 2,000 ವರ್ಷ ಸಮುದ್ರದ ತಳದಲ್ಲಿದ್ದ ರೋಮನ್ ಹಡಗಿನ 120 ಸೀಸದ ಗಟ್ಟಿಗಳನ್ನು 2010ರಲ್ಲಿ ಗ್ರಾನ್ ಸಾಸೊಗೆ ತಂದರು. ಗಟ್ಟಿಗಳ ಮೇಲೆ ಅಂದಿನವರು ಒತ್ತಿದ ಅಕ್ಷರಗಳಿದ್ದವು. ಆ ಭಾಗವನ್ನು ಮೊದಲು ಕತ್ತರಿಸಿ ಜೋಪಾನವಾಗಿ ತೆಗೆದಿಟ್ಟರು. ಉಳಿದದ್ದನ್ನಷ್ಟೇ ಕರಗಿಸಲು ಬಿಟ್ಟರು.