ಮಾದರಿ ಟ್ಯಾಂಕಿನ ಬಣ್ಣ ಏಕೆ ಕಪ್ಪಿಟ್ಟಂತೆ ಕಾಣುತ್ತದೆ?

ಸೇನಾ ಟ್ಯಾಂಕುಗಳ ಸ್ಕೇಲ್ ಮಾಡೆಲ್‌ಗಳಿಗೆ ಬಣ್ಣ ಬಳಿಯುವವರೆಲ್ಲ ಒಂದಲ್ಲ ಒಂದು ದಿನ ಎದುರಿಸುವ ಒಗಟೊಂದಿದೆ. ನಿಜವಾದ ಟ್ಯಾಂಕಿಗೆ ಬಳಿದಿದ್ದ ಬಣ್ಣವನ್ನೇ ಕೂದಲೆಳೆಯಷ್ಟೂ ವ್ಯತ್ಯಾಸವಾಗದಂತೆ ಬೆರೆಸಿ 1/35 ಅಳತೆಯ ಮಾದರಿಗೆ ಸಿಂಪಡಿಸಿದರೆ, ಅದು ಮಂಕಾಗಿ, ಕಪ್ಪಿಟ್ಟಂತೆ ಕಾಣುತ್ತದೆ. ಇದಕ್ಕೆ ಹವ್ಯಾಸಿಗಳಲ್ಲಿ ಬಹುಕಾಲದಿಂದ ಚಾಲ್ತಿಯಲ್ಲಿರುವ ಪರಿಹಾರವೆಂದರೆ ಬಣ್ಣಕ್ಕೆ ಒಂದಿಷ್ಟು ಬಿಳಿಯನ್ನು ಸೇರಿಸುವುದು. ಅದರ ಜೊತೆಗೇ ಒಂದು ವಿವರಣೆಯೂ ಚಾಲ್ತಿಯಲ್ಲಿದೆ: ದೂರದ ಬೆಟ್ಟಗಳು ನಡುವಿನ ಗಾಳಿಯಿಂದಾಗಿ ಮಸುಕಾಗುತ್ತವೆ, ಮಾದರಿಯನ್ನು ನೋಡುವುದೆಂದರೆ ನಿಜವಾದ ಟ್ಯಾಂಕನ್ನು ದೂರದಿಂದ ನೋಡಿದಂತೆ, ಆದ್ದರಿಂದ ಆ ಗಾಳಿಯ ಮಸುಕನ್ನು ಬಣ್ಣದಲ್ಲೇ ಬೆರೆಸಬೇಕು ಎಂಬುದು ಆ ವಾದ. ಪರಿಹಾರ ಸರಿಯಾಗಿದೆ, ವಿವರಣೆ ಶುದ್ಧ ತಪ್ಪು.

ಲೆಕ್ಕ ಹಾಕಿ ನೋಡೋಣ. 1/35ರ ಮಾದರಿಯನ್ನು ನಾವು ಸಾಮಾನ್ಯವಾಗಿ 35 ಸೆಂಟಿಮೀಟರ್ ದೂರದಿಂದ ನೋಡುತ್ತೇವೆ ಎಂದುಕೊಂಡರೆ, ಅದು ನಿಜವಾದ ಟ್ಯಾಂಕನ್ನು 12 ಮೀಟರಿಗಿಂತ ತುಸು ಹೆಚ್ಚು ದೂರದಿಂದ ನೋಡಿದ್ದಕ್ಕೆ ಸಮ. ಗಾಳಿಯಲ್ಲಿ ದೂರ ಹೆಚ್ಚಿದಂತೆ ಕಾಂಟ್ರಾಸ್ಟ್ ಎಷ್ಟು ಕುಗ್ಗುತ್ತದೆ ಎಂಬುದಕ್ಕೆ ಜರ್ಮನ್ ಹವಾಮಾನ ವಿಜ್ಞಾನಿ ಹರಾಲ್ಡ್ ಕೊಶ್ಮೀಡರ್ 1924ರಲ್ಲೇ ಸೂತ್ರ ಕೊಟ್ಟಿದ್ದಾನೆ. 20 ಕಿಲೋಮೀಟರ್ ದೂರದವರೆಗೆ ಕಣ್ಣು ಹಾಯುವ ಸಾಧಾರಣ ದಿನದಲ್ಲಿ ಆ ಸೂತ್ರದ ಪ್ರಕಾರ 12 ಮೀಟರ್ ಗಾಳಿ ಕದಿಯುವ ಕಾಂಟ್ರಾಸ್ಟ್ ನೂರಕ್ಕೆ 0.25ರಷ್ಟು ಮಾತ್ರ. ಹೊಳಪಿನಲ್ಲಿ ನೂರಕ್ಕೆ ಒಂದರಷ್ಟು ವ್ಯತ್ಯಾಸವಾದರೂ ಇಲ್ಲದಿದ್ದರೆ ನಮ್ಮ ಕಣ್ಣಿಗೆ ಅದು ತಿಳಿಯುವುದೇ ಇಲ್ಲ. 1/72ರ ಪುಟ್ಟ ಮಾದರಿಗೂ ಈ ನಷ್ಟ ನೂರಕ್ಕೆ ಅರ್ಧವನ್ನು ದಾಟುವುದಿಲ್ಲ. ನೂರಕ್ಕೆ ಹತ್ತು ಹದಿನೈದು ಪಾಲು ಬಿಳಿ ಬೆರೆಸುವುದನ್ನು ಗಾಳಿಯ ಹೆಸರಿನಲ್ಲಿ ಸಮರ್ಥಿಸಬೇಕೆಂದರೆ, ಆ ಟ್ಯಾಂಕು ದಟ್ಟ ಮಂಜಿನಲ್ಲೋ ಧೂಳಿನ ಬಿರುಗಾಳಿಯಲ್ಲೋ ನಿಂತಿರಬೇಕಾಗುತ್ತದೆ.

ಹಾಗಾದರೆ ಬಿಳಿ ಬೆರೆಸಿದಾಗ ಮಾದರಿ ಸಹಜವಾಗಿ ಕಾಣಿಸುವುದೇಕೆ? ಮೊದಲನೆಯ ಕಾರಣ ಬೆಳಕಿನ ಪ್ರಮಾಣ. ನಡುಹಗಲಿನ ಬಿಸಿಲು ನೆಲದ ಮೇಲೆ ಸುಮಾರು ಒಂದು ಲಕ್ಷ ಲಕ್ಸ್ ಬೆಳಕನ್ನು ಚೆಲ್ಲಿದರೆ, ಕೋಣೆಯ ಮೇಜಿನ ಮೇಲೆ ಬೀಳುವುದು ಕೆಲವು ನೂರು ಲಕ್ಸ್ ಮಾತ್ರ. ಕಣ್ಣು ಈ ಅಗಾಧ ಅಂತರಕ್ಕೆ ಹೊಂದಿಕೊಳ್ಳುತ್ತದೆಯಾದರೂ ಪೂರ್ತಿಯಾಗಿ ಅಲ್ಲ. ಬೆಳಕು ಹೆಚ್ಚಿದಂತೆ ಅದೇ ಬಣ್ಣ ಹೆಚ್ಚು ರಂಗಾಗಿ ಕಾಣುತ್ತದೆ ಎಂಬುದನ್ನು ಬ್ರಿಟನ್ನಿನ ಬಣ್ಣವಿಜ್ಞಾನಿ ಹಂಟ್ 1952ರಲ್ಲಿ ಪ್ರಯೋಗಗಳಿಂದ ತೋರಿಸಿದ, ಮತ್ತು ಆ ಪರಿಣಾಮಕ್ಕೆ ಇಂದಿಗೂ ಅವನದೇ ಹೆಸರಿದೆ. ಬಿಸಿಲಿನಲ್ಲಿ ಹಸಿರಾಗಿಯೇ ಕಾಣುವ ಗಾಢ ಹಸಿರು ಕೋಣೆಯೊಳಗೆ ಕಪ್ಪಿಗೆ ಹತ್ತಿರವಾಗುವುದರಲ್ಲಿ ಅಚ್ಚರಿಯೇನಿಲ್ಲ.

ಎರಡನೆಯ ಕಾರಣ ನನಗೆ ಇನ್ನೂ ಪ್ರಿಯವಾದದ್ದು, ಏಕೆಂದರೆ ಅದನ್ನು ಬಹುತೇಕ ಯಾರೂ ಗಮನಿಸುವುದಿಲ್ಲ. ಬಣ್ಣದ ಮೇಲೆ ಬಿದ್ದ ಬೆಳಕೆಲ್ಲ ಒಳಗಿನ ವರ್ಣಕಣಗಳನ್ನು ತಲುಪುವುದಿಲ್ಲ; ನೇರವಾಗಿ ಬಿದ್ದ ಬೆಳಕಿನಲ್ಲಿ ನೂರಕ್ಕೆ 4ರಷ್ಟು ಬಣ್ಣದ ಹೊರಮೈಯಿಂದಲೇ, ಯಾವ ರಂಗನ್ನೂ ಪಡೆಯದೆ, ಮರಳಿಬಿಡುತ್ತದೆ. ಬೆಳಕು ಓರೆಯಾದಷ್ಟೂ ಈ ಪಾಲು ಬೆಳೆಯುತ್ತದೆ: 60 ಡಿಗ್ರಿಯಲ್ಲಿ ನೂರಕ್ಕೆ 9ರಷ್ಟು, 80 ಡಿಗ್ರಿಯಲ್ಲಿ 39ರಷ್ಟು. ಗಾಢ ಹಸಿರಿನ ಒಳಗಿನಿಂದ ನಮ್ಮತ್ತ ಬರುವ ಬೆಳಕು ನೂರಕ್ಕೆ 8ರಷ್ಟು ಮಾತ್ರ ಎಂದಿಟ್ಟುಕೊಂಡರೆ, ಹೊರಮೈಯಿಂದ ಬಂದ ಈ ಬಿಳಿ ಬೆಳಕು ಅದಕ್ಕೆ ಅರ್ಧದಷ್ಟಾಗಬಹುದು, ಕೆಲವು ಕೋನಗಳಲ್ಲಿ ಅದನ್ನು ಮೀರಲೂಬಹುದು. ಬಯಲಿನಲ್ಲಿ ನಿಂತ ಟ್ಯಾಂಕಿನ ಮೇಲೆ ಇಡೀ ಆಕಾಶವೇ ಬೆಳಕಿನ ಮೂಲವಾಗಿ ಕವುಚಿಕೊಂಡಿರುತ್ತದೆ. ಅದರ ಪ್ರತಿಯೊಂದು ಮೇಲ್ಮುಖವೂ ಆಕಾಶದ ತೆಳುವಾದ ಬಿಳಿ ಪ್ರತಿಫಲನವನ್ನು ಹೊದ್ದಿರುತ್ತದೆ. ಕೋಣೆಯೊಳಗಿನ ಮಾದರಿಯ ಮೇಲೆ ಇರುವುದು ಒಂದು ದೀಪ ಮತ್ತು ಅದರ ಸುತ್ತ ಹೆಚ್ಚುಕಡಿಮೆ ಕತ್ತಲೆಯ ಛಾವಣಿ. ನಾವು ಬಣ್ಣಕ್ಕೆ ಬೆರೆಸುತ್ತಿರುವ ಬಿಳಿ ಬಹುಮಟ್ಟಿಗೆ ಈ ಕಳೆದುಹೋದ ಆಕಾಶ. ಟರೆಟ್ಟಿನ (ಫಿರಂಗಿ ಹೊತ್ತ ತಿರುಗುಗೋಪುರದ) ನೆತ್ತಿಯನ್ನೂ ಎಂಜಿನ್ ಮೇಲಿನ ತಟ್ಟೆಗಳನ್ನೂ ಪಕ್ಕಗಳಿಗಿಂತ ತಿಳಿಯಾಗಿ ಬಳಿಯುವ ಕ್ರಮ ಕೂಡ ಇದನ್ನೇ ಮಾಡುತ್ತದೆ. ಮ್ಯಾಟ್ (ಹೊಳಪಿಲ್ಲದ) ವಾರ್ನಿಶ್ ಹೊಡೆದ ಕೂಡಲೇ ಮಾದರಿ ಒಂದು ಛಾಯೆ ತಿಳಿಯಾಗುವುದೂ ಇದೇ ಕಾರಣದಿಂದ: ನಯವಾದ ಮೈ ಹೊರಮೈ ಬೆಳಕನ್ನು ಒಂದೇ ದಿಕ್ಕಿಗೆ ಕಳಿಸಿ ಉಳಿದೆಡೆಯೆಲ್ಲ ಗಾಢವಾಗಿ ಕಾಣುತ್ತದೆ, ಒರಟಾದ ಮೈ ಅದನ್ನು ಎಲ್ಲ ದಿಕ್ಕಿಗೂ ಹಂಚುತ್ತದೆ.

ಇನ್ನು ಕರಾರುವಾಕ್ಕಾದ ಬಣ್ಣದ ಬಗ್ಗೆ ನಡೆಯುವ ಜಗಳಗಳ ಬಗ್ಗೆ ಒಂದು ಮಾತು. 1943ರ ಫೆಬ್ರವರಿಯಲ್ಲಿ ಜರ್ಮನ್ ಸೇನೆ ತನ್ನ ವಾಹನಗಳ ಮೂಲಬಣ್ಣವನ್ನು ಗಾಢ ಬೂದುವಿನಿಂದ ಗಾಢ ಹಳದಿಗೆ ಬದಲಿಸಿತು; ಅದರ ಮೇಲೆ ಹಾಕಬೇಕಾದ ಹಸಿರು ಮತ್ತು ಕೆಂಗಂದು ಬಣ್ಣಗಳನ್ನು ದಟ್ಟ ಪೇಸ್ಟಿನ ರೂಪದಲ್ಲಿ ತುಕಡಿಗಳಿಗೇ ಕಳಿಸಿಕೊಟ್ಟಿತು. ಸೈನಿಕರು ಆ ಪೇಸ್ಟನ್ನು ಕೈಗೆ ಸಿಕ್ಕ ನೀರಿನಲ್ಲೋ ಪೆಟ್ರೋಲಿನಲ್ಲೋ ಕಲಸಿ ಬಳಿಯುತ್ತಿದ್ದರು. ಎಷ್ಟು ತೆಳುವಾಗಿ ಕಲಸಿದರು, ಯಾವುದರಲ್ಲಿ ಕಲಸಿದರು ಎಂಬುದರ ಮೇಲೆ ಅಂತಿಮ ಛಾಯೆ ನಿಂತಿತ್ತು. ಹೀಗೆ ಯುದ್ಧಭೂಮಿಯಲ್ಲೇ ಟ್ಯಾಂಕಿನಿಂದ ಟ್ಯಾಂಕಿಗೆ ಬದಲಾಗುತ್ತಿದ್ದ ಬಣ್ಣಕ್ಕೆ ಇಂದು ಒಂದೇ ಒಂದು ಬಾಟಲಿ ಮಾತ್ರ ಸರಿ ಎಂದು ಪಟ್ಟುಹಿಡಿಯುವವರ ತಾಳ್ಮೆಯನ್ನು ಮೆಚ್ಚಬಹುದು, ವಾದವನ್ನಲ್ಲ.

ಬೆಳಕಿನ ಜ್ಯಾಮಿತಿ ಅಳತೆಗೆ ಅಂಜುವುದಿಲ್ಲ: ಸಣ್ಣ ಟ್ಯಾಂಕಿನ ನೆರಳು ಸಣ್ಣದು, ಅಷ್ಟೆ. ದ್ರವಗಳ ವಿಷಯ ಹಾಗಲ್ಲ, ಮತ್ತು ವೆದರಿಂಗ್‌ನ, ಅಂದರೆ ಮಾದರಿಗೆ ಕೊಳೆ, ಸವೆತ, ತುಕ್ಕುಗಳ ನೋಟ ಕೊಡುವ ಕೆಲಸದ, ಅತ್ಯಂತ ಸೊಗಸಾದ ಭೌತವಿಜ್ಞಾನ ಇರುವುದು ಅಲ್ಲಿಯೇ. ಪಿನ್ ವಾಶ್ ಮಾಡುವಾಗ, ತೀರಾ ತೆಳುವಾಗಿಸಿದ ಗಾಢಕಂದು ಎನಾಮಲ್ ಬಣ್ಣವನ್ನು ಕುಂಚದ ತುದಿಯಲ್ಲಿ ತೆಗೆದುಕೊಂಡು ತಟ್ಟೆಗಳ ನಡುವಿನ ಗೀರಿಗೆ ಒಮ್ಮೆ ತಾಗಿಸಿದರೆ, ಅದು ತಾನಾಗಿಯೇ ಗೀರಿನುದ್ದಕ್ಕೂ ಓಡುತ್ತದೆ. ಗೀರು ಮೇಲ್ಮುಖವಾಗಿದ್ದರೆ ಮೇಲಕ್ಕೂ ಏರುತ್ತದೆ. ದ್ರವದ ಮೇಲ್ಮೈ ಎಳೆತಕ್ಕೂ ಅದರ ತೂಕಕ್ಕೂ ನಡೆಯುವ ಹಗ್ಗಜಗ್ಗಾಟದಲ್ಲಿ ಯಾರು ಗೆಲ್ಲುತ್ತಾರೆ ಎಂಬುದನ್ನು ನಿರ್ಧರಿಸುವುದು ಜಾಗದ ಅಗಲ. ಮಿನರಲ್ ಸ್ಪಿರಿಟ್‌ನಂಥ ಥಿನ್ನರಿಗೆ ಈ ಗಡಿ ಸುಮಾರು 1.8 ಮಿಲಿಮೀಟರ್, ನೀರಿಗೆ 2.7 ಮಿಲಿಮೀಟರ್. ಮಾದರಿಯ ಗೀರಿನ ಅಗಲ 0.2 ಮಿಲಿಮೀಟರಿನಷ್ಟು, ಅಲ್ಲಿ ಮೇಲ್ಮೈ ಎಳೆತವೇ ಸರ್ವಾಧಿಕಾರಿ, ಒಂದು ಸೆಂಟಿಮೀಟರಿಗೂ ಹೆಚ್ಚು ಎತ್ತರಕ್ಕೆ ಅದು ದ್ರವವನ್ನು ಎಳೆದೊಯ್ಯಬಲ್ಲದು. ಅದೇ ಗೀರು ನಿಜವಾದ ಟ್ಯಾಂಕಿನಲ್ಲಿ 7 ಮಿಲಿಮೀಟರ್ ಅಗಲದ ಸಂದು; ಅಲ್ಲಿ ಗುರುತ್ವದ್ದೇ ಆಳ್ವಿಕೆ. ನಿಜವಾದ ಟ್ಯಾಂಕಿನ ಸಂದಿಗೆ ಕೊಳೆ ಸೇರುವುದು ಮಳೆ ತೊಳೆದು ತಂದದ್ದರಿಂದ, ಎಣ್ಣೆ ಜಿನುಗಿದ್ದರಿಂದ, ಧೂಳು ಉದುರಿದ್ದರಿಂದ. ಮಾದರಿಯಲ್ಲಿ ಅದೇ ನೋಟವನ್ನು ಮೂಡಿಸುವುದು ಸಂಪೂರ್ಣ ಬೇರೆಯೇ ಒಂದು ಬಲ.

ವಾಶ್‌ಗೆ ಮೊದಲು ಹೊಳಪಿನ (ಗ್ಲಾಸ್) ವಾರ್ನಿಶ್ ಹೊಡೆಯಬೇಕೆಂಬ ನಿಯಮದ ಗುಟ್ಟೂ ಇದೇ. ಮ್ಯಾಟ್ ಮೈಯೆಂದರೆ ಲಕ್ಷಾಂತರ ಸೂಕ್ಷ್ಮ ಕಣಿವೆಗಳ ನಾಡು. ಪ್ರತಿಯೊಂದು ಕಣಿವೆಯೂ ಗೀರಿನೊಡನೆ ಪೈಪೋಟಿಗಿಳಿದು ದ್ರವವನ್ನು ತನ್ನತ್ತ ಎಳೆಯುತ್ತದೆ, ವಾಶ್ ಕಲೆಯಾಗಿ ಹರಡುತ್ತದೆ. ನುಣುಪಾದ ಮೈಯಲ್ಲಿ ಪೈಪೋಟಿಯೇ ಇಲ್ಲ. ಹೀಗಿದ್ದರೂ ಹೊರಚೆಲ್ಲಿದ ಹನಿ ಒಣಗಿದಾಗ ಅದರ ಅಂಚಿನಲ್ಲಿ ಕಪ್ಪು ಗೆರೆ ಉಳಿಯುತ್ತದೆ. ಮೇಜಿನ ಮೇಲೆ ಚೆಲ್ಲಿದ ಕಾಫಿಯ ಕಲೆ ಅಂಚಿನಲ್ಲೇ ಗಾಢವಾಗುವಂತೆಯೇ ಇದು, ಮತ್ತು ಇದಕ್ಕೆ ಸರಿಯಾದ ವಿವರಣೆ ಸಿಕ್ಕಿದ್ದು 1997ರಲ್ಲಿ, ರಾಬರ್ಟ್ ಡೀಗನ್ ಮತ್ತು ಸಂಗಡಿಗರಿಂದ: ಹನಿಯ ಅಂಚು ಮೈಗೆ ಕಚ್ಚಿಕೊಂಡಿರುತ್ತದೆ, ಆವಿಯಾಗುವಿಕೆ ಅಲ್ಲಿ ಹೆಚ್ಚು, ಆ ನಷ್ಟವನ್ನು ತುಂಬಲು ನಡುವಿನಿಂದ ಅಂಚಿನತ್ತ ಹರಿಯುವ ದ್ರವ ತನ್ನೊಡನೆ ಕಣಗಳನ್ನೂ ಹೊತ್ತೊಯ್ದು ಅಲ್ಲೇ ಬಿಟ್ಟುಬಿಡುತ್ತದೆ. ಶುದ್ಧ ಥಿನ್ನರಿನಲ್ಲಿ ಅದ್ದಿ ಒರೆಸಿದ ಕುಂಚದಿಂದ ಅಂಚನ್ನು ಮೆದುವಾಗಿ ಸವರಿದರೆ ಕಚ್ಚಿಕೊಂಡ ಅಂಚು ಬಿಡುತ್ತದೆ, ಗೆರೆಯೂ ಮಾಯವಾಗುತ್ತದೆ. ಮಳೆನೀರು ಇಳಿದ ಜಾಡುಗಳನ್ನು ಮೂಡಿಸುವುದೂ ಹೀಗೆಯೇ, ಕುಂಚದ ಎಳೆತದಿಂದ. ಏಕೆಂದರೆ ಮಾದರಿಯ ಮೇಲೆ ಬಿದ್ದ 2 ಮಿಲಿಮೀಟರಿನ ಹನಿ ನಿಜವಾದ ಅಳತೆಯಲ್ಲಿ 7 ಸೆಂಟಿಮೀಟರಿನ ಗೋಳ. ಪ್ರಕೃತಿಗೇ ಈ ಕೆಲಸವನ್ನು ಬಿಟ್ಟುಕೊಡುವಂತಿಲ್ಲ.

1/35 ಎಂಬ ಈ ವಿಚಿತ್ರ ಭಾಜಕವೇ ಒಂದು ಆಕಸ್ಮಿಕ. 1960ರ ದಶಕದ ಆರಂಭದಲ್ಲಿ ಜಪಾನಿನ ತಮಿಯಾ ಕಂಪನಿ ಜರ್ಮನಿಯ ಪ್ಯಾಂಥರ್ ಟ್ಯಾಂಕಿನ, ಮೋಟಾರಿನಿಂದ ಓಡುವ ಮಾದರಿಯನ್ನು ತಯಾರಿಸಿದಾಗ, ಒಳಗೆ ಬ್ಯಾಟರಿಗಳು ಹಿಡಿಯುವಂತೆ ಗಾತ್ರವನ್ನು ನಿಗದಿಪಡಿಸಿತು. ಆಮೇಲೆ ಅಳೆದು ನೋಡಿದಾಗ ಅದು 1/35ಕ್ಕೆ ಹತ್ತಿರವಾಗಿತ್ತು. ಆ ಭಾಜಕವನ್ನು ಮನಸ್ಸಿನಲ್ಲಿಟ್ಟುಕೊಂಡು ಮೇಜಿನ ಮೇಲಿನ ವಸ್ತುಗಳನ್ನು ಗುಣಿಸುತ್ತ ಹೋದರೆ ಅನೇಕ ತಪ್ಪುಗಳು ತಾವಾಗಿಯೇ ಕಾಣುತ್ತವೆ. ಒಂದು ಮಿಲಿಮೀಟರಿನ ಗೀಚು ನಿಜದಲ್ಲಿ 3.5 ಸೆಂಟಿಮೀಟರಿನ ಗಾಯ. ಅರ್ಧ ಮಿಲಿಮೀಟರಿನ ಮರಳುಕಾಳು ಪೌನೆರಡು ಸೆಂಟಿಮೀಟರಿನ ಜಲ್ಲಿಕಲ್ಲು; ಆದ್ದರಿಂದಲೇ ಮಾದರಿಗೆ ನಿಜವಾದ ಮಣ್ಣಿಗಿಂತ ನುಣ್ಣನೆಯ ಪಿಗ್ಮೆಂಟ್ ಪುಡಿಯೇ ಹೆಚ್ಚು ನಿಜವಾದ ಧೂಳಾಗಿ ಕಾಣುತ್ತದೆ. ಕಣ್ಣು 35 ಸೆಂಟಿಮೀಟರ್ ದೂರದಿಂದ ಬೇರ್ಪಡಿಸಿ ನೋಡಬಲ್ಲ ಅತಿ ಸಣ್ಣ ಚುಕ್ಕೆ ಸುಮಾರು 0.1 ಮಿಲಿಮೀಟರ್, ಅಂದರೆ ನಿಜವಾದ ಟ್ಯಾಂಕಿನ ಮೇಲೆ 3.5 ಮಿಲಿಮೀಟರ್. ಅದಕ್ಕಿಂತ ಚಿಕ್ಕ ಗೀಚುಗಳೆಲ್ಲ ಗೀಚುಗಳಾಗಿ ಕಾಣದೆ ಮೂಲಬಣ್ಣದ ಛಾಯೆಯಲ್ಲೇ ಕರಗಿಹೋಗಬೇಕು. ಇಡೀ ಮೈಗೆ ಅತಿ ತೆಳುವಾದ ಬೇರೆ ಬಣ್ಣವೊಂದನ್ನು ಲೇಪಿಸುವ ಫಿಲ್ಟರ್ ವಿಧಾನದ ಸಮರ್ಥನೆ ಇದರಲ್ಲಿದೆ.

ತುಕ್ಕಿನ ಬಗ್ಗೆ ಅತ್ಯುತ್ಸಾಹ ತೋರುವವರಿಗಂತೂ ಲೋಹಶಾಸ್ತ್ರದ ಪಾಠ ಬೇಕೇಬೇಕು. ಟ್ರ್ಯಾಕ್‌ಗಳನ್ನು (ಚಕ್ರಗಳನ್ನು ಸುತ್ತುವ ಸರಪಳಿಯಂಥ ಪಟ್ಟಿಗಳನ್ನು) ಕಿತ್ತಳೆ ಬಣ್ಣದಲ್ಲಿ ಮುಳುಗಿಸುವುದು ಅತಿ ಸಾಮಾನ್ಯ ತಪ್ಪು. ಅಮೆರಿಕದ ಶೆರ್ಮನ್ ಟ್ಯಾಂಕಿನ ಹಲವು ಬಗೆಯ ಟ್ರ್ಯಾಕ್‌ಗಳ ನೆಲಮುಖ ರಬ್ಬರಿನದು; ರಬ್ಬರಿಗೆ ತುಕ್ಕು ಹಿಡಿಯುವುದಿಲ್ಲ. ಸೋವಿಯತ್ ಟ್ಯಾಂಕು ಟಿ-34ರ ಟ್ರ್ಯಾಕ್‌ಗಳು, 1882ರಲ್ಲಿ ರಾಬರ್ಟ್ ಹ್ಯಾಡ್‌ಫೀಲ್ಡ್ ಕಂಡುಹಿಡಿದ, ನೂರಕ್ಕೆ 12ರಿಂದ 13ರಷ್ಟು ಮ್ಯಾಂಗನೀಸ್ ಬೆರೆತ ಉಕ್ಕಿನವು. ಪೆಟ್ಟು ಬಿದ್ದಷ್ಟೂ ಗಟ್ಟಿಯಾಗುವ ಈ ಉಕ್ಕಿಗೂ ತುಕ್ಕು ಹಿಡಿಯುತ್ತದೆ, ಆದರೆ ಓಡುತ್ತಿರುವ ಟ್ಯಾಂಕಿನಲ್ಲಿ ನೆಲಕ್ಕೂ ಚಕ್ರಕ್ಕೂ ಉಜ್ಜುವ ಭಾಗಗಳು ಸದಾ ಬೆಳ್ಳಗೆ ಹೊಳೆಯುತ್ತಿರುತ್ತವೆ, ಉಳಿದ ಭಾಗ ಕಪ್ಪುಗಂದಾಗಿರುತ್ತದೆ. ಹೊಸ ತುಕ್ಕು ಮಾತ್ರ ಕಿತ್ತಳೆ. ಅದು ದಿನಗಳೆದಂತೆ ಗಾಢವಾಗುತ್ತದೆ. ನಿಜವಾಗಿ ತುಕ್ಕಿನ ರಾಜ್ಯವೆಂದರೆ ಹೊಗೆಕೊಳವೆ, ಏಕೆಂದರೆ ಅಲ್ಲಿ ಶಾಖ ಬಣ್ಣವನ್ನು ಸುಟ್ಟು ಉಕ್ಕನ್ನು ಬೆತ್ತಲೆಯಾಗಿಸುತ್ತದೆ.

ಟ್ರ್ಯಾಕಿನ ಆ ಉಜ್ಜಿದ ಹೊಳಪಿಗೆ ಬೆಳ್ಳಿಬಣ್ಣಕ್ಕಿಂತ ಮೆದುವಾದ ಪೆನ್ಸಿಲಿನ ತುದಿಯೇ ಮೇಲು. ಗ್ರಾಫೈಟ್ ಪದರಪದರವಾದ ವಸ್ತು. ಉಜ್ಜಿದಾಗ ಅದರ ಹಳುಕುಗಳು ಜಾರಿ ಬೇರ್ಪಟ್ಟು ಮೈಗೆ ಚಪ್ಪಟೆಯಾಗಿ ಮಲಗುತ್ತವೆ, ಎಲ್ಲವೂ ಒಂದೇ ದಿಕ್ಕಿಗೆ ಮುಖಮಾಡಿ ಬೆಳಕನ್ನು ಲೋಹದಂತೆ ತಿರುಗಿಸುತ್ತವೆ. ಜೊತೆಗೆ ಪೆನ್ಸಿಲ್ ತಾಗುವುದು ಉಬ್ಬಿದ ಅಂಚುಗಳಿಗೆ ಮಾತ್ರ, ಅಂದರೆ ನಿಜವಾದ ಟ್ರ್ಯಾಕಿನಲ್ಲಿ ನೆಲ ಉಜ್ಜುವ ಜಾಗಗಳಿಗೇ.